ಪಿಳ್ಳಪ್ಪನಿಗೊಂದು ಬಿನ್ನವತ್ತಳೆ

ಮಾತಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಪಾಠ ಹೇಳುವವನೇ ನಾನು! ಯಲಹಂಕದ ಹೈಸ್ಕೂಲೊಂದರಲ್ಲಿ ಕನ್ನಡ ಪಂಡಿತ. ಕಚ್ಚೆಪಂಚೆ, ಮುಚ್ಚುಕೋಟು, ತಲೆಗೆ ಪೇಟ. ಪೇಟದ ಕೆಳಗೆ ಬರೀ ವಿಶೇಷಣಗಳು.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಆ ಕಾಲದಲ್ಲಿ ಯಲಹಂಕದಿಂದ ಯಶವಂತಪುರದವರೆಗೆ ಯಾರಿಗೆ ವರ್ಗವಾದರೂ, ಯಾರು ನಿವೃತ್ತರಾದರೂ, ಬಿನ್ನವತ್ತಳೆ ಬರೆಯುತ್ತಿದ್ದವನು ನಾನೇ. ಬಿನ್ನವತ್ತಳೆ ಎಂದರೆ ಗೊತ್ತಲ್ಲ? ಹೂಬಳ್ಳಿಯ ಅಂಚು ಕೊಟ್ಟು ಅಚ್ಚು ಹಾಕಿಸಿ, ಗಾಜಿನ ಕಟ್ಟು ಹಾಕಿಸಿ, ಆಸಾಮಿಯನ್ನು ಕುರ್ಚಿಯ ಮೇಲೆ ಕೂರಿಸಿ, ಎದುರಿಗೆ ನಿಂತು ಗಟ್ಟಿಯಾಗಿ ಓದಿ ಒಪ್ಪಿಸುವ ಹೊಗಳಿಕೆ. "ಹೇ ಕರುಣಾಮೂರ್ತಿಗಳೇ" ಎಂದು ಶುರುವಾಗುತ್ತದೆ. "ತಾವು ಎಲ್ಲಿಗೆ ತೆರಳಿದರೂ ತಮ್ಮ ನೆನಪು ನಮ್ಮ ಹೃದಯಮಂದಿರದಲ್ಲಿ ಅಜರಾಮರ" ಎಂದು ಮುಗಿಯುತ್ತದೆ. ನಡುವೆ ಹೆಸರೊಂದನ್ನು ಬದಲಾಯಿಸಿದರಾಯಿತು!

ಒಮ್ಮೆ ಒಬ್ಬ ಶೇಕ್‌ದಾರರಿಗೆ ವರ್ಗವಾಯಿತು. ಆ ಮಹಾನುಭಾವರು ಕಂದಾಯ ವಸೂಲಿಗೆ ಬಂದರೆ ಊರಿನ ಕೋಳಿಗಳು ಕೂಡ ಅಟ್ಟ ಹತ್ತುತ್ತಿದ್ದವು. ಅವರಿಗೂ ನಾನು "ದೀನಬಂಧು, ಅಜಾತಶತ್ರು" ಎಂದು ಬರೆದೆ. ಓದುವಾಗ ಜನ ಕಣ್ಣೊರೆಸಿಕೊಂಡರು. ನನ್ನ ಶೈಲಿಯ ಪ್ರಭಾವ ಎಂದು ನಾನು ಉಬ್ಬಿದೆ. ಪೀಡೆ ತೊಲಗಿತೆಂಬ ಆನಂದಬಾಷ್ಪ ಅದು ಎಂದು ಆಮೇಲೆ ಪಟೇಲರು ಹೇಳಿದರು.

ಇರಲಿ. ನಮ್ಮ ಮನೆ ಇದ್ದದ್ದು ಕೊಡಿಗೇಹಳ್ಳಿಯಲ್ಲಿ. ಆಗ ಅದು ಅಪ್ಪಟ ಹಳ್ಳಿ. ದಿನಕ್ಕೆ ಎರಡೇ ಬಸ್ಸು, ಅವೂ ಬಂದರೆ ಬಂದವು. ನಮ್ಮ ಪಕ್ಕದ ಮನೆಯವನು ಪಿಳ್ಳಪ್ಪ. ಎರಡು ಎಕರೆ ತರಕಾರಿ ತೋಟ, ಎರಡು ಹಸು, ಒಂದು ಜೊತೆ ಎತ್ತು. ದಿನಾ ಬೆಳಿಗ್ಗೆ ನಮಗೆ ಹಾಲು ತಂದುಕೊಡುತ್ತಿದ್ದ. ಮಾತು ಕಮ್ಮಿ. ದಿನಕ್ಕೆ ಹತ್ತು ಮಾತಾಡಿದರೆ ಅದರಲ್ಲಿ ಎಂಟು ಎತ್ತುಗಳ ಜೊತೆ. ಉಳಿದ ಎರಡರಲ್ಲಿ ಒಂದು ನನಗೆ: "ಊಟ ಆಯ್ತಾ ಸಾಮಿ?" ಬೆಳಿಗ್ಗೆ ಆರು ಗಂಟೆಗೂ ಇದೇ ಪ್ರಶ್ನೆ. ಇದು ಎಂಥ ದರಿದ್ರ ಭಾಷೆ ಎಂದು ನಾನು ಮನಸ್ಸಿನಲ್ಲೇ ಮರುಗುತ್ತಿದ್ದೆ.

ಒಂದು ಮಧ್ಯಾಹ್ನ ನನ್ನ ಹೆಂಡತಿ ವಿಶಾಲುಗೆ ಹೆರಿಗೆ ನೋವು ಕಾಣಿಸಿಕೊಂಡಿತು, ಲೆಕ್ಕಕ್ಕಿಂತ ಇಪ್ಪತ್ತು ದಿನ ಮುಂಚೆ! ಸೂಲಗಿತ್ತಿ ಬಂದು ನೋಡಿ, "ಕೂಸು ಅಡ್ಡ ತಿರುಗೈತೆ, ನನ್ ಕೈಲಾಗಾಕಿಲ್ಲ, ಪೇಟೆ ಆಸ್ಪತ್ರೆಗೆ ಕರ್ಕೊಂಡೋಗಿ" ಎಂದುಬಿಟ್ಟಳು. ಬಸ್ಸು ಹೋಗಿಯಾಗಿತ್ತು. ನಾನು ಬೀದಿಯಲ್ಲಿ ನಿಂತು "ಅಯ್ಯೋ, ಏನಿದು ವಿಧಿವಿಲಾಸ!" ಎಂದು ಕೂಗಿದೆ. ಹೌದು, ಇದೇ ಪದ. ಪ್ರಾಣಸಂಕಟದಲ್ಲೂ ನನ್ನ ಬಾಯಲ್ಲಿ ಸಮಾಸವೇ ಬಂತು.

ಪಿಳ್ಳಪ್ಪ ಸಂತೆಗೆಂದು ಗಾಡಿಗೆ ಬದನೆಕಾಯಿ ಮೂಟೆ ಹೇರುತ್ತಿದ್ದ. ನನ್ನ ಮುಖ ನೋಡಿದ. ಏನೂ ಕೇಳಲಿಲ್ಲ. ಹೇರಿದ್ದ ಮೂಟೆಗಳನ್ನೆಲ್ಲ ಬೀದಿಗೆ ಉರುಳಿಸಿದ, ಗಾಡಿಯಲ್ಲಿ ಮೊಣಕಾಲುದ್ದ ಹುಲ್ಲು ಹಾಸಿದ, ಅದರ ಮೇಲೆ ಅವನ ತಾಯಿ ಅಕ್ಕಯ್ಯಮ್ಮನ ಕಂಬಳಿ ಹಾಸಿದ. ಅಕ್ಕಯ್ಯಮ್ಮ ತಾನೂ ಹತ್ತಿ ವಿಶಾಲುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಹೆಬ್ಬಾಳದ ಕೆರೆ ದಾಟಿ ಪೇಟೆಯ ದೊಡ್ಡಾಸ್ಪತ್ರೆಯವರೆಗೆ ಆ ಮನುಷ್ಯ ಒಂದು ಗುಂಡಿಗೂ ಚಕ್ರ ಬೀಳಿಸಲಿಲ್ಲ. ನಾನು ಹಿಂದೆ ಕೂತು ಧೈರ್ಯದ ವಿಷಯದಲ್ಲಿ ಒಂದು ಉಪನ್ಯಾಸವನ್ನೇ ಕೊಟ್ಟೆ. ಅರ್ಧ ದಾರಿಯಲ್ಲಿ ವಿಶಾಲು ಹಲ್ಲು ಕಚ್ಚಿ, "ದಯವಿಟ್ಟು ಸ್ವಲ್ಪ ಬಾಯಿ ಮುಚ್ಕೊಂಡಿರ್ತೀರಾ?" ಎಂದಳು.

ಸಂಜೆಯೊಳಗೆ ಹೆಣ್ಣುಮಗು ಹುಟ್ಟಿತು. ಇನ್ನೊಂದು ಗಂಟೆ ತಡವಾಗಿದ್ದರೆ ತಾಯಿಯೂ ಇಲ್ಲ, ಮಗುವೂ ಇಲ್ಲ ಎಂದು ಡಾಕ್ಟರಮ್ಮ ಹೇಳಿದರು. ಆಸ್ಪತ್ರೆಯ ಹೊರಗೆ ಓಡಿಬಂದು ಪಿಳ್ಳಪ್ಪನ ಎರಡೂ ಕೈ ಹಿಡಿದುಕೊಂಡು, "ಪಿಳ್ಳಪ್ಪಾ, ನಾನು ನಿನಗೆ ಚಿರಋಣಿ! ಜನ್ಮಜನ್ಮಾಂತರಕ್ಕೂ ಕೃತಜ್ಞ!" ಎಂದೆ.

"ಅಂಗೇ ಆಗ್ಲಿ ಬುಡಿ ಸಾಮಿ," ಎಂದ ಪಿಳ್ಳಪ್ಪ. "ವಸಿ ಕೈ ಬುಡ್ತೀರಾ? ಎತ್ಗೊಳ್ಗೆ ನೀರು ಕುಡುಸ್ಬೇಕು."

ನನಗೆ ತೃಪ್ತಿಯಾಗಲಿಲ್ಲ. ಎದೆಯಲ್ಲಿ ಏನೋ ದೊಡ್ಡದು ಕೂತಿತ್ತು, ಬಾಯಿಗೆ ಬಂದದ್ದು ಶೇಕ್‌ದಾರರಿಗೆ ಕೊಟ್ಟಿದ್ದ ಅದೇ "ಕೃತಜ್ಞ". ಪದಗಳೆಲ್ಲ ಎಂಜಲಾಗಿದ್ದವು. ಹಾಗೆಂದು ನಾನು ಬಿಡುವವನೇ? ಒಂದು ಪದ ಸಾಲದಿದ್ದರೆ ಇನ್ನೂರು ಪದ ಹಾಕಿದರಾಯಿತು!

ಈ ನಡುವೆ ಇನ್ನೊಂದು ಸಂಗತಿ. ಬಾಣಂತನ ಮುಗಿದ ಮೇಲೆ ಅಕ್ಕಯ್ಯಮ್ಮ ಬಂದು, "ಮೇಷ್ಟ್ರೇ, ಕೂಸ್ನ ಕರ್ಕೊಂಡು ನೀವಿಬ್ರೂ ಒಂದಿನ ನಮ್ಮನೆಗೆ ಉಣ್ಣಾಕೆ ಬನ್ನಿ" ಎಂದಳು. ನಾನು "ಇವತ್ತು ಏಕಾದಶಿ" ಎಂದೆ. ನಾಲ್ಕು ದಿನ ಬಿಟ್ಟು ಮತ್ತೆ ಕರೆದಳು. "ಏಕಾದಶಿ" ಎಂದೆ. ಮರುವಾರ ಕರೆದಾಗಲೂ ಅದೇ. ನಿಜ ಹೇಳುತ್ತೇನೆ, ನಮ್ಮ ಪೈಕಿಯವರು ಅವರ ಮನೆಗಳಲ್ಲಿ ಉಣ್ಣುವ ವಾಡಿಕೆ ಇರಲಿಲ್ಲ, ಅಷ್ಟೇ. ಅವರ ಹಾಲಿಗೆ ಮೈಲಿಗೆ ಇರಲಿಲ್ಲ, ಅವರ ಮುದ್ದೆಗೆ ಇತ್ತು. ಇದರ ತರ್ಕವೇನು ಎಂದು ನನ್ನನ್ನು ಕೇಳಬೇಡಿ. ಆಗ ನಾನೂ ಕೇಳಿಕೊಂಡಿರಲಿಲ್ಲ.

"ಏನೂಂದ್ರೆ," ಎಂದಳು ವಿಶಾಲು, "ಅಷ್ಟು ಕರೀತಾರೆ. ಒಂದು ಸಲ ಹೋಗಿ ಕೂತು ಬರೋಣ. ಆ ಮುದುಕಿ ತೊಡೆ ಮೇಲೆ ತಲೆ ಇಟ್ಕೊಂಡು ಹೋದೋಳು ನಾನು."

"ಉಂಡು ಬಂದರೆ ಕೃತಜ್ಞತೆ ಸಲ್ಲಿಸಿದ ಹಾಗಾಯ್ತೇನೇ? ನಾಲ್ಕು ಜನರ ಮುಂದೆ, ಶಾಶ್ವತವಾಗಿ ಉಳಿಯುವಂಥದ್ದು ಮಾಡಬೇಕು. ನಾನು ಪಿಳ್ಳಪ್ಪನಿಗೆ ಬಿನ್ನವತ್ತಳೆ ಅರ್ಪಿಸ್ತೀನಿ!"

"ಅವನಿಗೆ ಓದೋಕೆ ಬರಲ್ಲ" ಎಂದಷ್ಟೇ ಹೇಳಿ ವಿಶಾಲು ಮಗುವಿಗೆ ಎಣ್ಣೆ ತಿಕ್ಕಲು ಹೋದಳು.

ಮೂರು ದಿನ ಕೂತು ಬರೆದೆ. ಈ ಸಲ ಬಿನ್ನವತ್ತಳೆಯ ಮೇಲ್ಭಾಗದಲ್ಲಿ ಭಾವಚಿತ್ರವೂ ಇರಲಿ ಎಂದು ತೀರ್ಮಾನಿಸಿದೆ. ದನಗಳ ಪ್ರದರ್ಶನದಲ್ಲಿ ಬಹುಮಾನ ಬಂದಾಗ ತೆಗೆದಿದ್ದ ಫೋಟೋ ಒಂದು ಪಿಳ್ಳಪ್ಪನ ಮನೆಯಲ್ಲಿತ್ತು. ಅವನು ತನ್ನ ಬೆಳ್ಳ ಎಂಬ ಎತ್ತಿನ ಕೊರಳು ತಬ್ಬಿಕೊಂಡು ನಿಂತಿದ್ದ. ಅವನ ಹೆಂಡತಿ ಲಗುಮಮ್ಮನ ಹತ್ತಿರ "ಸುಮ್ಮನೆ ನೋಡೋಕೆ" ಎಂದು ಹೇಳಿ ಅದನ್ನು ಇಸಿದುಕೊಂಡು ಯಶವಂತಪುರದ ಸ್ಟುಡಿಯೋದಲ್ಲಿ ಕೊಟ್ಟೆ. ಗೌರವಕ್ಕೆ ಕುಂದೆಂದು ಎತ್ತನ್ನು ಕತ್ತರಿಸಿ ಹಾಕಿಸಿದೆ. ಪಿಳ್ಳಪ್ಪನ ಮುಖವನ್ನಷ್ಟೇ ದೊಡ್ಡದು ಮಾಡಿಸಿದೆ.

ಅಚ್ಚಾದ ಹಾಳೆಯನ್ನೂ ಫೋಟೋವನ್ನೂ ಅಲ್ಲೇ ಎದುರಿಗಿದ್ದ ಕಟ್ಟು ಹಾಕುವ ಅಂಗಡಿಗೆ ಒಯ್ದೆ. ಅಂಗಡಿಯಾತ ಮೃದು ಮಾತಿನ ಮುದುಕ. ಫೋಟೋ ನೋಡಿ ನಿಟ್ಟುಸಿರುಬಿಟ್ಟ.

"ವಯಸ್ಸೆಷ್ಟು ಸಾರ್?"

"ನಲವತ್ತಿರಬಹುದು."

"ಅಯ್ಯೋ ಪಾಪ! ಮಕ್ಕಳು?"

"ಮೂರು."

"ಭಗವಂತ ನೋಡ್ಕೋತಾನೆ ಬಿಡಿ" ಎಂದು ಆತ ಕಣ್ಣು ಒದ್ದೆ ಮಾಡಿಕೊಂಡ. "ಗಂಧದ ಹಾರ ನಾನೇ ಹಾಕಿಕೊಡ್ತೀನಿ ಸಾರ್."

ಬಡವರ ಬಗ್ಗೆ ಎಂಥ ಅನುಕಂಪ! ಹಾರವಿದ್ದರೆ ಚೆನ್ನ ಎಂದು ನನಗೂ ಅನ್ನಿಸಿತು. ಬಣ್ಣ ಒಣಗಬೇಕೆಂದು ಆತ ಕಟ್ಟನ್ನು ಎರಡು ದಿನ ಅಂಗಡಿಯ ಮುಂದೆಯೇ ತೂಗುಹಾಕಿದ. ಹಾರ ಹಾಕಿದ ಪಿಳ್ಳಪ್ಪ ಯಶವಂತಪುರದ ಬೀದಿಗೆ ಮುಖ ಮಾಡಿ ಎರಡು ದಿನ ನೇತಾಡಿದ. ಆ ಬೀದಿಯಲ್ಲಿ ಯಾರು ಯಾರು ಓಡಾಡುತ್ತಾರೆ ಎಂದು ಯೋಚಿಸುವ ವ್ಯವಧಾನ ನನಗಿರಲಿಲ್ಲ. ಭಾಷಣ ಬಾಯಿಪಾಠ ಮಾಡಬೇಕಿತ್ತು!

ಭಾನುವಾರ ಬೆಳಿಗ್ಗೆ ಅರಳೀಕಟ್ಟೆಯ ಮುಂದೆ ಸಭೆ. ಪಿಳ್ಳಪ್ಪನಿಗೆ "ಒಂದು ಸಣ್ಣ ಕೆಲಸವಿದೆ, ಶುಭ್ರವಾಗಿ ಸ್ನಾನ ಮಾಡಿ ಬಾ" ಎಂದಷ್ಟೇ ಹೇಳಿದ್ದೆ. ಬಂದ. ನನ್ನ ಮನೆಯ ಕೈಕುರ್ಚಿಯಲ್ಲಿ ಕೂರಿಸಿದೆ. ಕೊರಳಿಗೆ ಸೇವಂತಿಗೆ ಹಾರ ಹಾಕಿದೆ, ಹಣೆಗೆ ಗಂಧ ಬಳಿದೆ, ಕೈಗೆ ಎಲೆ-ಅಡಿಕೆ, ತೆಂಗಿನಕಾಯಿ ಕೊಟ್ಟೆ. ಸಭೆಗೆ ಸುವಾಸನೆ ಇರಲಿ ಎಂದು ಅವನ ಮುಂದೆ ಒಂದು ಕಟ್ಟು ಊದುಬತ್ತಿ ಹಚ್ಚಿಟ್ಟೆ.

"ಅಲ್ಲಾಡಬೇಡಿ. ತಾವು ಹಾಗೇ ಕುಳಿತಿರಬೇಕು" ಎಂದೆ.

ಪಿಳ್ಳಪ್ಪನ ಮುಖ ಬಿಳಿಚಿಕೊಂಡಿತು. ಪಕ್ಕದಲ್ಲಿದ್ದ ಪಟೇಲರ ಕಡೆ ಬಗ್ಗಿ, "ದಿನಾ ಬಾರಯ್ಯ ಓಗಯ್ಯ ಅಂತಿದ್ದೋರು ಇವತ್ತು ತಾವು ಅಂತಾವ್ರೆ. ಏನೋ ಆಗೈತೆ ಪಟೇಲ್ರೇ" ಎಂದ.

"ವರ್ಗ ಆಗಿರ್ಬೇಕು ಕಣ್ಲಾ," ಎಂದರು ಪಟೇಲರು.

"ಮೇಷ್ಟ್ರಿಗಾ? ಅಂಗಾದ್ರೆ ಆರ ನಂಗ್ಯಾಕೆ?"

ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. "ಹೇ ಕರುಣಾಮೂರ್ತಿಗಳೇ! ವೃಷಭವಾಹನರೇ! ತಮ್ಮ ಶಕಟವು ಅಂದು ಅಶ್ವಿನೀದೇವತೆಗಳ ರಥವಾಯಿತು. ತಾವು ನನಗೆ ನೆರೆಯವರಲ್ಲ, ಒಡಹುಟ್ಟಿದ ಸೋದರರು. ತಮ್ಮ ಮನೆ ಬೇರೆಯಲ್ಲ, ನಮ್ಮ ಮನೆ ಬೇರೆಯಲ್ಲ..." ಜನ ಗಂಭೀರವಾಗಿ ಕೇಳುತ್ತಿದ್ದರು. ಅರ್ಥವಾಗದಿದ್ದರೆ ನಮ್ಮ ಜನ ಬಹಳ ಗಂಭೀರವಾಗಿ ಕೇಳುತ್ತಾರೆ. ಕೊನೆಗೆ ಕೈ ಹಳೆಯ ಚಾಳಿಯಲ್ಲಿ ಬರೆದಿದ್ದ ವಾಕ್ಯಕ್ಕೆ ಬಂದೆ: "ತಾವು ಎಲ್ಲಿಗೆ ತೆರಳಿದರೂ ತಮ್ಮ ನೆನಪು ನಮ್ಮ ಹೃದಯಮಂದಿರದಲ್ಲಿ ಅಜರಾಮರ!" ಎಂದವನೇ ಕಟ್ಟಿನ ಮೇಲಿದ್ದ ಬಟ್ಟೆಯನ್ನು ಸರ್ರನೆ ಎಳೆದೆ.

ಚಪ್ಪಾಳೆಗಾಗಿ ಕಾದೆ. ಬರಲಿಲ್ಲ!

ಜನರೆಲ್ಲ ಒಮ್ಮೆ ಕಟ್ಟಿನಲ್ಲಿ ಗಂಧದ ಹಾರ ಹಾಕಿಕೊಂಡಿದ್ದ ಪಿಳ್ಳಪ್ಪನನ್ನು ನೋಡಿದರು, ಒಮ್ಮೆ ಕುರ್ಚಿಯಲ್ಲಿ ಸೇವಂತಿಗೆ ಹಾರ ಹಾಕಿಕೊಂಡಿದ್ದ ಪಿಳ್ಳಪ್ಪನನ್ನು ನೋಡಿದರು. ಯಾರ ಮನೆಯ ಗೋಡೆಯ ಮೇಲಾದರೂ ಹಾರ ಹಾಕಿದ ಫೋಟೋ ಇದ್ದರೆ ಅದರ ಅರ್ಥವೇನೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಕಡೆಯ ಊರುಗಳಲ್ಲಿ ಸತ್ತವರನ್ನು ಕೂರಿಸಿ, ಹಾರ ಹಾಕಿ, ಹಣೆಗಿಟ್ಟು, ಊದುಬತ್ತಿ ಹಚ್ಚುತ್ತಾರೆ ಎಂಬುದು? ಅದೂ ಗೊತ್ತಿತ್ತು. ವಾಕ್ಯರಚನೆಯ ಗಡಿಬಿಡಿಯಲ್ಲಿ ಹೊಳೆಯಲಿಲ್ಲ, ಅಷ್ಟೇ.

ಅಷ್ಟರಲ್ಲಿ ಊರ ಬಾಗಿಲಲ್ಲಿ ಎರಡು ಗಾಡಿ ಬಂದು ನಿಂತವು. "ಅಣ್ಣಯ್ಯೋ! ನನ್ ತವರ್ಮನೆ ದೀಪ ಆರೋಯ್ತಲ್ಲಪ್ಪೋ!" ಎಂದು ಎದೆ ಬಡಿದುಕೊಳ್ಳುತ್ತ ಒಬ್ಬ ಹೆಂಗಸು ಧುಮುಕಿದಳು. ಹಿಂದೆ ಇಪ್ಪತ್ತು ಜನ. ಅವಳು ತಿಮ್ಮಕ್ಕ, ದಾಸರಹಳ್ಳಿಗೆ ಕೊಟ್ಟಿದ್ದ ಪಿಳ್ಳಪ್ಪನ ತಂಗಿ. ಅವಳ ಗಂಡ ಹಿಂದಿನ ದಿನ ಯಶವಂತಪುರಕ್ಕೆ ಬಂದಿದ್ದವನು ಕಟ್ಟಿನಂಗಡಿಯ ಮುಂದೆ ನೇತಾಡುತ್ತಿದ್ದ ಭಾವನನ್ನು ನೋಡಿದ್ದ! ಓಡಿಹೋಗಿ ಮನೆಗೆ ಸುದ್ದಿ ಮುಟ್ಟಿಸಿದ್ದ. ಸತ್ತವನಿಗೆ ಹೊದಿಸಲು ಹೊಸ ಪಂಚೆಯನ್ನೂ ಪದ್ಧತಿಯ ಪ್ರಕಾರ ತಂದಿದ್ದರು.

ಜನ ದಾರಿ ಬಿಟ್ಟರು. ತಿಮ್ಮಕ್ಕನ ಕಣ್ಣಿಗೆ ಬಿದ್ದದ್ದೇನು? ಹಾರ, ಗಂಧ, ಊದುಬತ್ತಿ, ಅಲ್ಲಾಡದೆ ಕೂತ ಅಣ್ಣ. ಅಲ್ಲಾಡಬೇಡ ಎಂದು ಹೇಳಿದ್ದವನು ನಾನೇ! ಅವಳು ಓಡಿಬಂದು ಅವನ ಕಾಲಿನ ಮೇಲೆ ಬಿದ್ದು, "ನನ್ ಬುಟ್ಟು ಎಂಗೋದ್ಯೋ ಅಣ್ಣಯ್ಯಾ!" ಎಂದು ಗೋಳೋ ಎಂದು ಅತ್ತಳು.

ಪಿಳ್ಳಪ್ಪ ಬಗ್ಗಿ, "ಯಾಕಮ್ಮಿ ತಿಮ್ಮಿ, ಯಾರು ಸತ್ರು?" ಎಂದ.

ತಿಮ್ಮಕ್ಕ ತಲೆ ಎತ್ತಿ ನೋಡಿದಳು. ಅಲ್ಲೇ ಪ್ರಜ್ಞೆ ತಪ್ಪಿ ಬಿದ್ದಳು. ಅವಳ ಗಂಡ ಹೊಸ ಪಂಚೆಯನ್ನು ಅಲ್ಲೇ ಬಿಸಾಕಿ ಗಾಡಿಯ ಹಿಂದಕ್ಕೆ ಓಡಿದ. ಹೆಂಗಸರು ಕಿರುಚಿದರು, ಮಕ್ಕಳು ಅತ್ತವು, ಯಾರೋ ತಿಮ್ಮಕ್ಕನ ಮುಖಕ್ಕೆ ನೀರು ಚಿಮುಕಿಸಿದರು. ಆ ಹೊತ್ತಿಗೆ ಸುಮ್ಮನಿದ್ದಿದ್ದರೆ ಒಳ್ಳೆಯದಿತ್ತು. ಆದರೆ ಮಾತಿನಿಂದ ಸರಿಯಾಗದ್ದು ಜಗತ್ತಿನಲ್ಲಿ ಏನಿದೆ? ನಾನು ಕಟ್ಟೆಯ ಮೇಲೆ ಹತ್ತಿ ಕೈ ಎತ್ತಿ ಕೂಗಿದೆ: "ಶಾಂತರಾಗಿ! ಪಿಳ್ಳಪ್ಪನವರು ಇನ್ನೂ ಜೀವಂತವಾಗಿಯೇ ಇದ್ದಾರೆ!"

"ಇನ್ನೂ ಅಂದ್ರೇನ್ ಮೇಷ್ಟ್ರೇ?" ಎಂದರು ಪಟೇಲರು. "ಇನ್ನೆಷ್ಟು ದಿನ ಅಂತ ನಿಮ್ಗೇನಾದ್ರೂ ಗೊತ್ತೈತಾ?"

ಅಲ್ಲಿಗೂ ಮುಗಿಯಲಿಲ್ಲ. ಇಷ್ಟು ಹೊತ್ತು ಮಗನ ಫೋಟೋದ ಮುಂದೆ ಕಂಬದ ಹಾಗೆ ನಿಂತಿದ್ದ ಅಕ್ಕಯ್ಯಮ್ಮ ನಿಧಾನವಾಗಿ ಬಂದಳು. ಕೈಯಾರೆ ಆ ಗಂಧದ ಹಾರವನ್ನು ಕಿತ್ತು ಕೆಳಗೆ ಹಾಕಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಮೇಷ್ಟ್ರೇ, ಅದೇನೋ ಒಡಹುಟ್ದೋನು ಅಂತ ಓದುದ್ರಲ್ಲ, ಅದೊಂದು ಮಾತ್ರ ತಿಳೀತು ನಂಗೆ. ನಿಮ್ ಒಡಹುಟ್ದೋನ್ ಮನೇಲಿ ಒಂದಿನ ಒಂದ್ ಲೋಟ ನೀರು ಕುಡುದಿದ್ದೀರಾ? ಮೂರು ಕಿತ ಕರುದೆ. ಒಂದೇ ತಿಂಗ್ಳಲ್ಲಿ ಮೂರು ಏಕಾದಸಿ ಬಂತು. ಲೆಕ್ಕ ನಂಗೂ ಬತ್ತದೆ ಸಾಮಿ."

ನನಗೆ ಹನ್ನೆರಡು ಅಲಂಕಾರಗಳೂ ಆರು ಷಟ್ಪದಿಗಳೂ ಬರುತ್ತಿದ್ದವು. ಆ ಮುದುಕಿಗೆ ಹೇಳಲು ಒಂದು ಅಕ್ಷರವೂ ಸಿಕ್ಕಲಿಲ್ಲ. ಪಿಳ್ಳಪ್ಪ ಹಾರ ತೆಗೆದು ಕುರ್ಚಿಯ ಮೇಲಿಟ್ಟು, ತಂಗಿಯ ಕೈ ಹಿಡಿದುಕೊಂಡು ನನ್ನ ಮುಖ ನೋಡದೆ ಹೊರಟುಹೋದ.

ಮಾರನೆಯ ದಿನದಿಂದ ಪಿಳ್ಳಪ್ಪ ಬರಲಿಲ್ಲ. ಹಾಲಿನ ಚೊಂಬು ಬರುತ್ತಿತ್ತು. ಅವನ ಹೆಂಡತಿ ಲಗುಮಮ್ಮ ಮೆಟ್ಟಿಲ ಮೇಲಿಟ್ಟು ಹೋಗುತ್ತಿದ್ದಳು. ಬೀದಿಯಲ್ಲಿ ನಾನು ಎದುರಾದರೆ ಪಿಳ್ಳಪ್ಪ ಎತ್ತಿನ ಕೊಂಬು ನೋಡುತ್ತ ದಾಟಿಬಿಡುತ್ತಿದ್ದ. "ಊಟ ಆಯ್ತಾ ಸಾಮಿ?" ಎಂಬ ಆ ದರಿದ್ರ ಮಾತು ನಿಂತುಹೋಯಿತು. ನಿಂತ ಮೇಲೆ ನನಗೆ ಊಟವೇ ಸೇರಲಿಲ್ಲ. ಹಾಲು ಕೊಡುವಾಗ ಪಿಳ್ಳಪ್ಪ ಮಗುವಿನ ಕೆನ್ನೆ ಮುಟ್ಟಿ ನಾಲಿಗೆಯಲ್ಲಿ ಟಕ್ ಟಕ್ ಎಂದು ಎತ್ತು ಹೊಡೆಯುವ ಶಬ್ದ ಮಾಡುತ್ತಿದ್ದ, ಅದು ಕೇಕೆ ಹಾಕುತ್ತಿತ್ತು. ಈಗ ಮಗು ಬೆಳಿಗ್ಗೆ ಬಾಗಿಲ ಕಡೆ ಕತ್ತು ತಿರುಗಿಸಿ ಕಾಯುತ್ತಿತ್ತು. ಅದನ್ನು ನೋಡಿದಾಗ ನನಗೆ ಎಲ್ಲಾದರೂ ಹೋಗಿ ಬೀಳೋಣ ಅನ್ನಿಸುತ್ತಿತ್ತು.

ಇಷ್ಟಾದ ಮೇಲಾದರೂ ಬುದ್ಧಿ ಬರಬೇಕಲ್ಲ? ಬಂತು. ಬರೆಯುವ ಬುದ್ಧಿ ಬಂತು! ನಾಲ್ಕು ಹಾಳೆಯ ಕ್ಷಮಾಪಣಾ ಪತ್ರ ಬರೆದು, ಎದುರಿಗೆ ಕೊಡಲು ಮುಖವಿಲ್ಲದೆ ಅಂಚೆಗೆ ಹಾಕಿದೆ.

ಮೂರನೆಯ ದಿನ ಲಗುಮಮ್ಮ ನಮ್ಮ ಮನೆಯ ಬಾಗಿಲಿಗೆ ಬಂದಳು. ಕೈಯಲ್ಲಿ ನನ್ನದೇ ಲಕೋಟೆ.

"ಸಾಮಿ, ನಮ್ಮನೆಗೆ ಇದ್ಯಾವ್ದೋ ಕಾಗ್ದ ಬಂದೈತೆ. ಪಟೇಲ್ರ ಮಗನ ಕೈಲಿ ಓದ್ಸುದ್ವಿ. ಎಲ್ಡು ಸಾಲು ಓದಿ, ಇದು ಕನ್ನಡ ಅಲ್ಲ, ಸಂಸ್ಕೃತ ಇರ್ಬೇಕು, ಮೇಷ್ಟ್ರತ್ರಾನೇ ಓಗು ಅಂದ."

ವಿಶಾಲು ಒಳಗಿನಿಂದ ಬಂದು ಬಾಗಿಲಿಗೊರಗಿ ನಿಂತಳು. ಇಂಥ ಆಟವನ್ನು ಅವಳು ಬಿಡುವವಳಲ್ಲ. ನಾನು ಕನ್ನಡಕ ಹಾಕಿಕೊಂಡು ನನ್ನ ಪತ್ರವನ್ನು ನಾನೇ ಗಟ್ಟಿಯಾಗಿ ಓದಿದೆ. "ಪಶ್ಚಾತ್ತಾಪದ ದಾವಾನಲದಲ್ಲಿ ದಹಿಸುತ್ತಿರುವ ಮದೀಯ ಹೃದಯವು..." ಎರಡನೆಯ ಹಾಳೆಗೆ ಬರುವಾಗ ಬೆವರು ಕಿತ್ತುಕೊಂಡಿತ್ತು.

"ಪಾಪ, ಯಾರೋ ಒಟ್ಟೆನೋವಲ್ಲಿ ಸಂಕಟಪಡ್ತಾವ್ರೆ," ಎಂದಳು ಲಗುಮಮ್ಮ. "ಏನಂತೆ ಸಾಮಿ? ಒಂದೇ ಮಾತ್ನಲ್ಲಿ ಯೋಳಿ."

"ತಪ್ಪಾಯ್ತು ಅಂತೆ."

"ಅಷ್ಟೇಯಾ? ಅದ್ಕೆ ನಾಕಾಳೆ ಯಾಕೆ? ಯಾರಂತೆ ಬರುದಿರೋದು?"

ನಾನು ವಿಶಾಲುವನ್ನು ನೋಡಿದೆ. ಅವಳು ಸೂರು ನೋಡಿದಳು. "ಹೆಸರು ಹಾಕಿಲ್ಲ" ಎಂದುಬಿಟ್ಟೆ! ಶುದ್ಧ ಸುಳ್ಳು. ಕೊನೆಯಲ್ಲಿ ಮೂರು ಬಿರುದುಗಳ ಸಮೇತ ಸಹಿ ಇತ್ತು.

ಲಗುಮಮ್ಮ ಹೋದ ಮೇಲೆ ವಿಶಾಲು ಮಗುವನ್ನು ಎತ್ತಿಕೊಂಡು ಸೆರಗು ಸುತ್ತಿಕೊಂಡಳು.

"ಎಲ್ಲಿಗೆ?"

"ಪಿಳ್ಳಪ್ಪನ ಮನೆಗೆ, ಊಟಕ್ಕೆ. ಯಾರೂ ಕರೆದಿಲ್ಲ. ನಾನೇ ಹೋಗಿ ಕೂತ್ಕೋತೀನಿ. ನೀವು ಏಕಾದಶಿ ಮಾಡ್ಕೊಂಡಿರಿ."

ಚಪ್ಪಲಿ ಹುಡುಕುವಷ್ಟರಲ್ಲಿ ಅವಳು ಬೀದಿಗಿಳಿದಿದ್ದಳು. ನಾನು ಬರಿಗಾಲಲ್ಲೇ ಹಿಂದೆ ಓಡಿದೆ. ದಾರಿ ಇಪ್ಪತ್ತು ಹೆಜ್ಜೆ. ಅಷ್ಟರಲ್ಲೇ ಒಂದು ಒಳ್ಳೆಯ ವಾಕ್ಯ ಜೋಡಿಸಿಕೊಂಡೆ. ಕ್ರಿಯಾಪದ ಕೊನೆಗೆ ಬಂದು ಗುಡುಗುವಂಥದ್ದು.

ಪಿಳ್ಳಪ್ಪ ಜಗುಲಿಯ ಮೇಲೆ ಹಗ್ಗ ಹೊಸೆಯುತ್ತ ಕೂತಿದ್ದ. ವಿಶಾಲು ಏನೂ ಹೇಳದೆ ಮಗುವನ್ನು ಅವನ ತೊಡೆಯ ಮೇಲೆ ಹಾಕಿ ಒಳಗೆ ಹೋದಳು. ಅವನು ಹಗ್ಗ ಬಿಟ್ಟು ಮಗುವನ್ನು ನೋಡಿದ. ನಾಲಿಗೆಯಲ್ಲಿ ಟಕ್ ಎಂದ. ಮಗು ಕೇಕೆ ಹಾಕಿತು. ಆಮೇಲೆ ತಲೆಯೆತ್ತಿ ಬರಿಗಾಲಲ್ಲಿ ನಿಂತಿದ್ದ ನನ್ನನ್ನು ನೋಡಿದ. ನಾನು ಬಾಯಿ ತೆರೆದೆ. ಗುಡುಗುವ ವಾಕ್ಯ ಎಲ್ಲೋ ಓಡಿಹೋಗಿತ್ತು.

ಪಿಳ್ಳಪ್ಪನೇ ಕೇಳಿದ. "ಊಟ ಆಯ್ತಾ ಸಾಮಿ?"

"ಇಲ್ಲ" ಎಂದೆ.

ನೆರೆಮನೆಯವರಾಗಿದ್ದ ಮೂರು ವರ್ಷಗಳಲ್ಲಿ ಆ ಪ್ರಶ್ನೆಗೆ ನಾನು ಕೊಟ್ಟ ಮೊದಲ ನಿಜವಾದ ಉತ್ತರ ಅದು. ಪಿಳ್ಳಪ್ಪ ಒಳಗೆ ತಿರುಗಿ, "ಅವ್ವೋ, ಮೇಷ್ಟ್ರು ಉಣ್ಣಾಕೆ ಬಂದವ್ರೆ, ಇನ್ನೊಂದು ತಣಿಗೆ ಮಡುಗು" ಎಂದು ಕೂಗಿದ.

ಅಕ್ಕಯ್ಯಮ್ಮ ತಣಿಗೆ ಇಟ್ಟು ಬಿಸಿ ಮುದ್ದೆ ಹಾಕಿದಳು. "ಅವ್ರೆಕಾಳು ಸಾರು. ಕೋಳಿ ಕುಯ್ದಿಲ್ಲ, ಎದ್ರಬ್ಯಾಡಿ" ಎಂದಳು. ಸಾರಿನ ಗಡಿಗೆಯ ಮೇಲೆ ಮುಚ್ಚಿದ್ದ ಹಲಗೆ ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ದಿಟ್ಟಿಸಿದೆ. ಅಂದು ಅರಳೀಕಟ್ಟೆಯಲ್ಲೇ ಬಿಟ್ಟುಬಂದಿದ್ದ ನನ್ನ ಬಿನ್ನವತ್ತಳೆಯ ಕಟ್ಟು! ಗಾಜು, ಫೋಟೋ ತೆಗೆದಿದ್ದರು. ನನ್ನ ಹಾಳೆ ಹಲಗೆಗೆ ಅಂಟಿಕೊಂಡೇ ಇತ್ತು. ಸಾರಿನ ಆವಿಗೆ "ಕರುಣಾಮೂರ್ತಿ" ನೆನೆದು ಸುರುಟಿಕೊಂಡಿತ್ತು. ನಾನು ಬರೆದ ಅಷ್ಟೂ ಬಿನ್ನವತ್ತಳೆಗಳಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೊಂದೇ ಎಂದು ಕಾಣುತ್ತದೆ.

ಮುದ್ದೆಯನ್ನು ನಾನು ಅಗಿದೆ. ಅಗಿದಷ್ಟೂ ಅದು ಬೆಳೆಯಿತು. ಹಲ್ಲಿಗೆ, ಅಂಗುಳಕ್ಕೆ, ನಾಲಿಗೆಗೆ ಮೆತ್ತಿಕೊಂಡಿತು. ಈಗಲಾದರೂ ಅಕ್ಕಯ್ಯಮ್ಮನಿಗೆ ಒಂದು ಮಾತು ಹೇಳಬೇಕೆಂದು ಅವಳ ಕಡೆ ತಿರುಗಿದೆ. "ಊಂ... ಊಂ..." ಎಂಬುದಕ್ಕಿಂತ ಹೆಚ್ಚೇನೂ ಹೊರಡಲಿಲ್ಲ. ಕಣ್ಣಿನಿಂದ ದಳದಳ ನೀರು ಇಳಿಯಿತು. ಮುದ್ದೆಗೋ ಮತ್ತೆ ಯಾವುದಕ್ಕೋ, ನಾನು ವಿಚಾರಿಸಲು ಹೋಗಲಿಲ್ಲ.

"ಅಗೀಬ್ಯಾಡಿ ಸಾಮಿ, ನುಂಗಿ," ಎಂದಳು ಅಕ್ಕಯ್ಯಮ್ಮ. ಬೆನ್ನಿಗೆ ಎರಡು ಗುದ್ದಿ ನೀರಿನ ಲೋಟ ಮುಂದಿಟ್ಟಳು. "ಸುಮ್ಕೆ ಉಣ್ಣಿ. ಮಾತಾಡ್ಬ್ಯಾಡಿ."

ಆ ಲೋಟ ಪೂರ್ತಿ ಕುಡಿದೆ. ಅವಳು ನೋಡುತ್ತಲೇ ಇದ್ದಳು. ಖಾಲಿಯಾದ ಮೇಲೆ ಇನ್ನೊಂದು ಲೋಟ ತುಂಬಿದಳು.

ಕೈ ತೊಳೆಯಲು ಹಿತ್ತಿಲಿಗೆ ಬಂದಾಗ ಪಿಳ್ಳಪ್ಪ ಬೆಳ್ಳನಿಗೆ ಹುಲ್ಲು ಹಾಕುತ್ತಿದ್ದ.

"ಮೇಷ್ಟ್ರೇ, ಒಂದ್ ಮಾತು ಕೇಳ್ಲಾ?"

"ಕೇಳಯ್ಯ."

"ಆ ಪಟದಾಗೆ ಬೆಳ್ಳನ್ನ ಯಾಕೆ ಕತ್ತರ್ಸಾಕ್ಬುಟ್ರಿ? ಬವುಮಾನ ಬಂದಿದ್ದು ಅವುನ್ಗೆ. ಅವತ್ತು ಅಮ್ಮಾರನ್ನ ಆಸ್ಪತ್ರೆಗೆ ಎಳುದೋನೂ ಅವ್ನೇಯ. ನಾನು ಮುಂದೆ ಕುಂತಿದ್ದೆ, ಅಷ್ಟೇಯ. ಆ ಬೇಜಾರೊಂದು ನಂಗಿತ್ತು ನೋಡಿ."

ಅಂದರೆ ನಾನು ಹೊಗಳಿದ್ದೂ ತಪ್ಪು ಆಸಾಮಿಯನ್ನು! ಒಂದು ಹಿಡಿ ಹುಲ್ಲು ತೆಗೆದುಕೊಂಡು ಬೆಳ್ಳನ ಮುಂದೆ ನಿಂತೆ. ಅದು ನನ್ನ ಕೈಯಿಂದ ನಿಧಾನವಾಗಿ ಹುಲ್ಲು ತಿಂದಿತು. ಹಾಳು ಅಭ್ಯಾಸ ನೋಡಿ, ಅಷ್ಟೆಲ್ಲ ಆದರೂ ನನಗೆ ಗಂಟಲು ಸರಿಮಾಡಿಕೊಳ್ಳಬೇಕು ಅನ್ನಿಸಿತು.

"ಹೇ ವೃಷಭಶ್ರೇಷ್ಠನೇ..." ಎಂದೆ.

ಬೆಳ್ಳ ಒಂದು ಕ್ಷಣ ಕೇಳಿಸಿಕೊಂಡಿತು. ಆಮೇಲೆ ನಿಧಾನವಾಗಿ ಹಿಂದಕ್ಕೆ ತಿರುಗಿ, ಬಾಲ ಎತ್ತಿತು!